ರಾಮಲಕ್ಷ್ಮಮ್ಮನವರ ಹಿತ್ತಲಿಗೆ ಈಜುಕೊಳ ಬೇಕೇ?

ಬೇಸಿಗೆ ರಜೆ ಬಂತೆಂದರೆ ಊರಿನ ಮಕ್ಕಳನ್ನು ಹಿಡಿದು ಕೂರಿಸುವುದು ಯಾರಿಂದಲೂ ಆಗದ ಕೆಲಸ. ಹೊರಗೆ ಹೋದರೆ ಬಿಸಿಲು ಎನ್ನುತ್ತೇವೆ, ಒಳಗೆ ಕೂತರೆ ಮೊಬೈಲ್ ಬಿಡು ಎನ್ನುತ್ತೇವೆ. ಪಾಪ, ಅವು ಹೋಗುವುದಾದರೂ ಎಲ್ಲಿಗೆ? ನಂದಿ ಬೆಟ್ಟದ ತಪ್ಪಲಿನಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡಿರುವ ರಾಮಲಕ್ಷ್ಮಮ್ಮನವರ ಮನೆಯಲ್ಲಿ ಈ ಸಲ ಇದರ ಜೊತೆಗೆ ಇನ್ನೊಂದು ರಗಳೆ ಸೇರಿಕೊಂಡಿತು. ಚಿಂತಾಮಣಿಯಲ್ಲಿ ಗೆಳತಿಯ ಹುಟ್ಟುಹಬ್ಬಕ್ಕೆ ಹೋಗಿದ್ದ ಮೊಮ್ಮಗಳು ಮೌನಿಕಾ, ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಕೇಳಿದಳು.

"ಅಜ್ಜಿ, ಅವ್ರ ಮನೆ ಹಿಂದೆ ಸ್ವಿಮ್ಮಿಂಗ್ ಪೂಲ್ ಇದೆ. ನಮ್ಮನೇಲಿ ಯಾಕಿಲ್ಲ?"

ಬೇರೆ ಯಾವ ಅಜ್ಜಿಯಾಗಿದ್ದರೂ ಗದರಿಸಿ ಊಟಕ್ಕೆ ಕೂರಿಸುತ್ತಿದ್ದರು. ರಾಮಲಕ್ಷ್ಮಮ್ಮನವರು ಹಾಗಲ್ಲ. ಅವರು ಬಾವಿಯಲ್ಲಿ ಈಜು ಕಲಿತವರು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಅವರಪ್ಪ ಅವರನ್ನು ನೀರಿಗೆ ತಳ್ಳಿದ್ದರಂತೆ. ಈಗ ಆ ಬಾವಿಗಳೆಲ್ಲ ಕಸ ತುಂಬಿ ಮುಚ್ಚಿಹೋಗಿವೆ. ಊರಿನಲ್ಲಿ ಈಜು ಬರುವ ಮಗು ಹುಡುಕಿದರೂ ಸಿಗುವುದಿಲ್ಲ. ಮೊಮ್ಮಗಳಿಗಾದರೂ ನೀರಿನ ಭಯ ಇರಬಾರದು, ತಾವು ಗಟ್ಟಿಯಾಗಿರುವಾಗಲೇ ಅವಳು ಈಜುವುದನ್ನು ಕಣ್ಣಾರೆ ನೋಡಬೇಕು ಎಂಬ ಆಸೆ ಅವರಿಗೆ ಮೊದಲಿನಿಂದಲೂ ಇತ್ತು.

"ಕಟ್ಸಣ ಬಿಡಮ್ಮ" ಎಂದರು. "ಹಿತ್ತಲಲ್ಲಿ ಹಳೇ ಕೊಟ್ಟಿಗೆ ಜಾಗ ಸುಮ್ನೆ ಬಿದ್ದೈತಲ್ಲ."

ಊಟಕ್ಕೆ ಕೂತಿದ್ದ ಮಗ ಮುರಳಿಮೋಹನ್ ನಕ್ಕುಬಿಟ್ಟ. ಚಿಕ್ಕಬಳ್ಳಾಪುರದ ಲ್ಯಾಬಿನಲ್ಲಿ ಕೆಲಸ ಮಾಡುವ ಸೊಸೆ ಹರಿತಾ ಮಾತ್ರ ನಗಲಿಲ್ಲ.

"ಅತ್ತೆ, ನಾನು ಡ್ಯೂಟಿಗೆ ಹೋಗ್ತೀನಿ, ಇವ್ರು ತೋಟದಲ್ಲಿ ಇರ್ತಾರೆ. ಮಗು ನೀರಲ್ಲಿದ್ರೆ ನೋಡ್ಕೊಳೋರು ಯಾರು?"

"ಯಾಕಮ್ಮ, ನಾನು ಕಣ್ಣಿಗೆ ಕಾಣ್ಸಲ್ವಾ?" ಎಂದು ರಾಮಲಕ್ಷ್ಮಮ್ಮ ಮುಖ ಊದಿಸಿಕೊಂಡರು. ಆ ರಾತ್ರಿ ಸಾರಿಗೆ ಉಪ್ಪು ಕಮ್ಮಿ ಎಂದು ಹೇಳಲೂ ಯಾರೂ ಬಾಯಿ ಬಿಡಲಿಲ್ಲ.

ಬೆಳಗಾದ ಮೇಲೆ ಅವರು ನೇರವಾಗಿ ಶೋಭಾರಾಣಿಯ ಮನೆಗೆ ನಡೆದರು. ಶೋಭಾರಾಣಿ ಅವರ ಮಹಿಳಾ ಸಂಘದ ಗೆಳತಿ. ಬೆಟ್ಟ ನೋಡಲು ಬರುವವರಿಗಾಗಿ ಹೋಂಸ್ಟೇ ನಡೆಸುತ್ತಾಳೆ. ಅಲ್ಲೊಂದು ಈಜುಕೊಳವೂ ಇದೆ. ಇವರು ಹೋದಾಗ ಅವಳು ಉದ್ದ ಕೋಲಿನ ಬಲೆ ಹಿಡಿದು ನೀರಿನ ಮೇಲಿನ ಎಲೆ ತೆಗೆಯುತ್ತಿದ್ದಳು.

"ಬಾ ಅಕ್ಕ, ಒಳ್ಳೇ ಟೈಮಿಗೆ ಬಂದೆ. ನೆರಳಿರ್ಲಿ ಅಂತ ಹೊಂಗೆ ಮರದ ಪಕ್ಕದಲ್ಲೇ ಕೊಳ ತೋಡ್ಸಿದ್ವಿ. ಈಗ ನೆರಳು ಬಂದೋರಿಗೆ, ಎಲೆ ನನಗೆ."

"ನಾವೂ ಒಂದು ಕಟ್ಸಣ ಅಂತಿದೀವಿ ಕಣೇ. ಏನಂತೀಯ?"

ಶೋಭಾರಾಣಿ ಬಲೆಯನ್ನು ಗೋಡೆಗೆ ಒರಗಿಸಿ ಪಕ್ಕದಲ್ಲಿ ಬಂದು ಕೂತಳು.

"ಒಳ್ಳೇದು ಮೊದ್ಲು ಹೇಳ್ತೀನಕ್ಕ. ಮಕ್ಕಳು ನೀರಿಗೆ ಇಳಿದ್ರೆ ಮೊಬೈಲ್ ಮರೀತವೆ. ಚೆನ್ನಾಗಿ ಹಸಿವಾಗ್ತದೆ, ನಿದ್ದೆ ಬರ್ತದೆ. ನೀರಲ್ಲಿ ನಡೆದಾಡಿದ್ರೆ ನನ್ನ ಮಂಡಿಗೆ ಹಗುರ ಅನ್ಸುತ್ತೆ. ನಮ್ಮ ಯಜಮಾನ್ರು ಹೊಟ್ಟೆ ಕರಗಿಸ್ತೀನಿ ಅಂತ ದಿನಾ ಇಳೀತಾರೆ. ಹೊಟ್ಟೆ ಹಂಗೇ ಐತೆ, ಸಿಟ್ಟು ಮಾತ್ರ ಕರಗೈತೆ."

"ಮತ್ತೆ ಇನ್ನೇನು ಯೋಚ್ನೆ! ಕಟ್ಸೋದೇ."

"ಇರು. ದಿನಾ ಎಲೆ ತೆಗೀಬೇಕು, ಮೋಟ್ರು ಓಡಿಸಿ ನೀರು ಸೋಸ್ಬೇಕು. ಕ್ಲೋರಿನ್ ಹಾಕ್ಬೇಕು, ಅದೂ ಪರೀಕ್ಷೆ ಮಾಡಿ. ನಾವು ಸಾರಿಗೆ ಉಪ್ಪು ಹಾಕ್ದಂಗೆ ಅಂದಾಜಲ್ಲಿ ಹಾಕಂಗಿಲ್ಲ. ಕಮ್ಮಿ ಆದ್ರೆ ಪಾಚಿ, ಜಾಸ್ತಿ ಆದ್ರೆ ಕಣ್ಣುರಿ. ಬಿಸಿಲಿಗೆ ನೀರು ಇಳೀತಾನೇ ಇರ್ತದೆ, ಬೋರ್‌ವೆಲ್ಲಿಂದ ತುಂಬಿಸ್ತಾನೇ ಇರ್ಬೇಕು. ನಮಗೆ ಇದು ಕಸುಬು, ಕೆಲಸಕ್ಕೆ ಜನ ಅವ್ರೆ. ನಿನಗೆ? ದ್ರಾಕ್ಷಿ ಬಾಯಿಂದ ನೀರು ಕಿತ್ತು ಇಲ್ಲಿ ಸುರೀತೀಯಾ?"

ರಾಮಲಕ್ಷ್ಮಮ್ಮ ನೀರಿನ ಮೇಲೆ ಆಗಲೇ ಬಂದು ಬಿದ್ದ ಇನ್ನೊಂದು ಎಲೆಯನ್ನು ನೋಡಿದರು.

"ಮತ್ತೆ ನೆಂಟರು! ಕೊಳ ಆದ ಮೇಲೆ ನಮಗೆ ಎಲ್ಲೆಲ್ಲಿಂದಲೋ ನೆಂಟರು ಹುಟ್ಕೊಂಡ್ರು. ಭಾನುವಾರ ಬಂತು ಅಂದ್ರೆ ಟವಲ್ ಹೆಗಲ ಮೇಲೆ ಹಾಕ್ಕೊಂಡು ಬಂದುಬಿಡ್ತಾರೆ." ಇಬ್ಬರೂ ನಕ್ಕರು. ನಂತರ ಶೋಭಾರಾಣಿಯ ದನಿ ತಗ್ಗಿತು. "ಇವೆಲ್ಲ ಹೆಂಗೋ ಆಗ್ತದಕ್ಕ. ಕಾಯೋದೇ ಕಷ್ಟ. ಮಗು ನೀರಲ್ಲಿದ್ದಷ್ಟು ಹೊತ್ತು ಒಬ್ರು ಕಣ್ಣು ಕೀಳದೆ ಕೂತಿರ್ಬೇಕು. ಫೋನ್ ಬಂದ್ರೂ ಎತ್ತಂಗಿಲ್ಲ, ಒಲೆ ಮೇಲೆ ಹಾಲು ಉಕ್ಕಿದ್ರೂ ಏಳಂಗಿಲ್ಲ."

"ಮುಳುಗೋ ಮಗು ಕೂಗಲ್ವೇನೇ? ಕೂಗಿದ್ರೆ ಓಡಿ ಬಂದ್ರಾಯ್ತು."

"ಇಲ್ಲಕ್ಕ, ಎಲ್ಲರೂ ಹಂಗೇ ಅಂದ್ಕೊಂಡಿರ್ತಾರೆ. ನಾನೂ ಅಂದ್ಕೊಂಡಿದ್ದೆ. ಅಗ್ನಿಶಾಮಕ ದಳದೋರು ತರಬೇತಿ ಕೊಟ್ಟಾಗ ಗೊತ್ತಾಯ್ತು. ಬಾಯಿ ನೀರೊಳಗೆ ಹೋದ್ಮೇಲೆ ಕೂಗೋದೆಲ್ಲಿ ಬಂತು? ಸದ್ದೇ ಇಲ್ದೆ ಮುಳುಗಿಬಿಡ್ತವೆ."

ಮನೆಗೆ ಬಂದ ರಾಮಲಕ್ಷ್ಮಮ್ಮನವರ ಮುಖ ಬಾಡಿತ್ತು. ಅಮ್ಮನ ಮುಖ ನೋಡಲಾರದೆ ಮುರಳಿಮೋಹನ್ ಯೋಚಿಸಿದ. ಯೋಚಿಸಿದವನಿಗೆ ಅದ್ಭುತ ಉಪಾಯವೊಂದು ಹೊಳೆಯಿತು. ನಮ್ಮ ಕಡೆಯ ರೈತನಿಗೆ ಮಾತ್ರ ಹೊಳೆಯಬಹುದಾದ ಉಪಾಯ.

"ಅಮ್ಮ, ಕೊಳ ಬೇರೆ ಯಾಕೆ? ನಮ್ಮ ಕೃಷಿ ಹೊಂಡ ಐತಲ್ಲ!"

ಹೌದಲ್ಲ! ಮನೆಯ ಹಿಂದೆ, ದ್ರಾಕ್ಷಿ ಚಪ್ಪರದ ಅಂಚಿನಲ್ಲೇ ಹೊಂಡ ಇತ್ತು. ಬೋರ್‌ವೆಲ್ ನೀರು ಇಂಗಿಹೋಗದಂತೆ ತಳದಿಂದ ದಡದವರೆಗೆ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿದ ದೊಡ್ಡ ಹೊಂಡ. ತಿಳಿನೀರು ತುಂಬಿ ನಿಂತಿತ್ತು. ಕ್ಲೋರಿನ್ ಬೇಡ, ಎಲೆ ತೆಗೆಯುವ ಕೆಲಸವಿಲ್ಲ, ದ್ರಾಕ್ಷಿಯ ನೀರು ದ್ರಾಕ್ಷಿಗೇ ಹೋಗುತ್ತದೆ. ಇಷ್ಟು ಸುಲಭದ ವಿಷಯ ತಮಗೆ ಹೊಳೆಯಲಿಲ್ಲವಲ್ಲ ಎಂದು ರಾಮಲಕ್ಷ್ಮಮ್ಮನವರಿಗೆ ನಾಚಿಕೆಯೇ ಆಯಿತು.

ಹೊಂಡ ತೋಡಿದಾಗ ಸುತ್ತ ತಂತಿಬೇಲಿಯನ್ನೂ ಹಾಕಿಸಿದ್ದರು. ಆದರೆ ದ್ರಾಕ್ಷಿಗೆ ಔಷಧಿ ಹೊಡೆಯುವ ಟ್ಯಾಂಕಿಗೆ ನೀರು ತುಂಬಲು ಟ್ರ್ಯಾಕ್ಟರ್ ದಡದವರೆಗೆ ಬರಬೇಕಿತ್ತು. ಅದಕ್ಕೆಂದು ಒಂದು ಬದಿಯ ಬೇಲಿ ಬಿಚ್ಚಿದರು. ಬಿಚ್ಚಿದ ಜಾಲರಿ ಕೋಳಿಗೂಡಿಗೆ ಹೋಯಿತು. ಆಮೇಲೆ ಹಾಕಿದರಾಯಿತು ಎಂದು ಬಿಟ್ಟ ಕೆಲಸ ಹಾಗೆಯೇ ಉಳಿಯಿತು. ಅಂಥದ್ದೊಂದು ಕೆಲಸ ಉಳಿಯದ ಮನೆ ನಮ್ಮಲ್ಲಿ ಯಾವುದಿದೆ ಹೇಳಿ?

ಭಾನುವಾರ ಬೆಳಿಗ್ಗೆ ರಾಮಲಕ್ಷ್ಮಮ್ಮ ಶೋಭಾರಾಣಿಯನ್ನೇ ಕರೆಸಿ ಹೊಂಡದ ದಡದಲ್ಲಿ ನಿಲ್ಲಿಸಿದರು.

"ನೋಡೇ, ನಮ್ಮ ಈಜುಕೊಳ! ಎಲೆ ಇಲ್ಲ, ನೆಂಟರೂ ಇಲ್ಲ."

ಶೋಭಾರಾಣಿ ನೀರನ್ನೂ ಇಳಿಜಾರಾದ ಕಪ್ಪು ಹಾಳೆಯನ್ನೂ ನೋಡಿದಳು. "ಬೇಡಕ್ಕ. ಇಳಿಯೋದು ಸುಲಭ, ಹತ್ತೋದು ಹೆಂಗೆ?"

"ಶೋಭಕ್ಕ, ಬಾವೀಲಿ ಈಜಿರೋನಿಗೆ ಇದ್ಯಾವ ಲೆಕ್ಕ?" ಎಂದು ಮುರಳಿಮೋಹನ್ ಅಂಗಿ ಬಿಚ್ಚಿದ.

"ಇಳಿದು ತೋರ್ಸೋ ಅವಳಿಗೆ!" ಎಂದು ಹುರಿದುಂಬಿಸಿದವರು ಸ್ವತಃ ರಾಮಲಕ್ಷ್ಮಮ್ಮ.

ಅವನು ಹಾಳೆಯ ಮೇಲೆ ಜಾರಿಕೊಂಡು ನೀರಿಗೆ ಇಳಿದ. ಕೈ ಬೀಸಿ ಆ ದಡ ಮುಟ್ಟಿ ಈ ದಡಕ್ಕೆ ಬಂದ. ಮೌನಿಕಾ ಚಪ್ಪಾಳೆ ತಟ್ಟಿದಳು. "ಅಪ್ಪ, ನಾನೂ ಬರ್ತೀನಿ!" ಎಂದು ಮುಂದೆ ಬಂದವಳ ಭುಜವನ್ನು ಹರಿತಾ ಗಟ್ಟಿಯಾಗಿ ಹಿಡಿದುಕೊಂಡಳು. ರಾಮಲಕ್ಷ್ಮಮ್ಮ ಹೆಮ್ಮೆಯಿಂದ ಶೋಭಾರಾಣಿಯ ಕಡೆ ತಿರುಗಿದರು.

ಮುರಳಿಮೋಹನ್ ಮೇಲೆ ಹತ್ತಲು ಕಾಲಿಟ್ಟ. ಜಾರಿತು. ಮತ್ತೆ ಇಟ್ಟ, ಮತ್ತೆ ಜಾರಿತು. ನೀರೊಳಗಿನ ಹಾಳೆಗೆ ತೆಳ್ಳಗೆ ಪಾಚಿ ಹತ್ತಿದ್ದು ಮೇಲಿನಿಂದ ಯಾರಿಗೂ ಕಂಡಿರಲಿಲ್ಲ. ಅಂಗೈ ಊರಿದ, ಮಂಡಿ ಊರಿದ, ಬೋರಲು ಮಲಗಿ ತೆವಳಿದ. ಪ್ರತಿ ಸಲವೂ ನೀರಿಗೇ ಹೋಗಿ ಬಿದ್ದ.

"ನಾಟ್ಕ ಆಡ್ಬೇಡ, ಬಾರೋ ಮೇಲಕ್ಕೆ" ಎಂದರು ರಾಮಲಕ್ಷ್ಮಮ್ಮ ನಗುತ್ತಾ.

ಅವನು ನಗಲಿಲ್ಲ. ಬಾವಿಗೆ ಮೆಟ್ಟಿಲಿರುತ್ತಿತ್ತು, ಕಲ್ಲಿನ ಸಂದಿಗೆ ಬೆರಳು ಸಿಕ್ಕುತ್ತಿತ್ತು. ಇಲ್ಲಿ ಹಿಡಿಯಲು ಏನೂ ಇರಲಿಲ್ಲ. ಅವನ ಉಸಿರು ಗಟ್ಟಿಯಾಗಿ ಕೇಳಿಸತೊಡಗಿತು. ಆಗ ತಾಯಿಗೆ ಅರ್ಥವಾಯಿತು. ಅವರು ಹಿಂದುಮುಂದು ನೋಡದೆ ಹಾಳೆಯ ಕಡೆಗೆ ಧಾವಿಸಿದರು. ಶೋಭಾರಾಣಿ ಅವರ ಸೆರಗು ಹಿಡಿದು ಹಿಂದಕ್ಕೆ ಎಳೆದಳು.

"ಯಾರೂ ಇಳೀಬೇಡಿ! ಮುರಳಿ, ಕೈಕಾಲು ಬಡೀಬೇಡಪ್ಪ, ಅಂಗಾತ ತೇಲು! ಹರಿತಾ, ಔಷಧಿ ಪೈಪು ತಾ!"

ಹರಿತಾ ಮಗಳನ್ನು ಮನೆಯ ಮೆಟ್ಟಿಲ ಮೇಲೆ ಕೂರಿಸಿ, "ಇಲ್ಲಿಂದ ಏಳ್ಬೇಡ" ಎಂದು ಹೇಳಿ, ಔಷಧಿ ಹೊಡೆಯುವ ಉದ್ದನೆಯ ಪೈಪನ್ನು ಎಳೆದು ತಂದಳು. ಅದರ ಒಂದು ತುದಿಯನ್ನು ದ್ರಾಕ್ಷಿ ಚಪ್ಪರದ ಕಲ್ಲುಕಂಬಕ್ಕೆ ಸುತ್ತಿ ಕಟ್ಟಿದರು. ಇನ್ನೊಂದು ತುದಿಯನ್ನು ನೀರಿಗೆ ಎಸೆದರು.

"ಪಟ್ಟುಕೋರಾ! ಗಟ್ಟಿಗಾ ಪಟ್ಟುಕೋ!" ಗಾಬರಿಯಾದಾಗ ರಾಮಲಕ್ಷ್ಮಮ್ಮನವರ ಬಾಯಿಗೆ ಬರುವುದು ತವರಿನ ತೆಲುಗೇ.

ಅವನು ಹಿಡಿದುಕೊಂಡ. ಮೂವರು ಹೆಂಗಸರು ಜಗ್ಗಿದರು. ಮುರಳಿಮೋಹನ್ ಹಾಳೆಯ ಮೇಲೆ ಉಜ್ಜಿಕೊಂಡು ದಡಕ್ಕೆ ಬಂದು ಬಿದ್ದ. ಹರಿತಾ ಅವನ ಬೆನ್ನು ಉಜ್ಜತೊಡಗಿದಳು. ಕೋಳಿಗಳು ಮಾತ್ರ ತಮ್ಮ ಪಾಡಿಗೆ ಕೆದಕುತ್ತಿದ್ದವು.

"ಅಮ್ಮ, ನನಗೆ ಈಜು ಬರ್ತದೆ. ಆದ್ರೂ ಹತ್ತಕ್ಕಾಗ್ಲಿಲ್ಲ" ಎಂದ ಅವನು ಏದುಸಿರು ಬಿಡುತ್ತಾ.

ರಾಮಲಕ್ಷ್ಮಮ್ಮ ಮೆಟ್ಟಿಲ ಮೇಲೆ ಅಳುಮುಖ ಮಾಡಿಕೊಂಡು ಕೂತಿದ್ದ ಮೌನಿಕಾಳನ್ನು ನೋಡಿದರು. ಬೇಲಿ ಇಲ್ಲದ ಆ ಬದಿಯಲ್ಲಿ ಈ ಮಗು ದಿನವೂ ಚೆಂಡು ಆಡಿಕೊಂಡಿತ್ತು. ಚೆಂಡು ಒಂದು ದಿನ ನೀರಿಗೆ ಉರುಳಿದ್ದರೆ? ಹೋಗಿ ಮೊಮ್ಮಗಳನ್ನು ತಬ್ಬಿಕೊಂಡು ಅತ್ತುಬಿಟ್ಟರು.

"ಈಜುಕೊಳಕ್ಕೆ ಕಾವಲು ಯಾರು ಅಂತ ನೀನು ಕೇಳಿದಾಗ ನನಗೆ ಸಿಟ್ಟು ಬಂತು ಕಣಮ್ಮ" ಎಂದರು ಹರಿತಾಳಿಗೆ. "ಇಷ್ಟು ವರ್ಷದಿಂದ ಈ ಹೊಂಡಕ್ಕೇ ಕಾವಲಿಲ್ಲ. ನಮಗ್ಯಾರಿಗೂ ತೋಚಲಿಲ್ಲ."

ಆ ಮಧ್ಯಾಹ್ನವೇ ಜಾಲರಿ ಕೋಳಿಗೂಡಿನಿಂದ ಬೇಲಿಗೆ ಮರಳಿತು. ಕೋಳಿಗಳು ಮಂಕರಿ ಬುಟ್ಟಿಯ ಕೆಳಗೆ ಸೇರಿ ತಕರಾರು ಮಾಡಿದವು. ಟ್ರ್ಯಾಕ್ಟರ್ ಬರುವ ಕಡೆ ಗೇಟು ಬಂತು, ಗೇಟಿಗೆ ಬೀಗ ಬಂತು. ಹೊಂಡದ ಎಲ್ಲ ಬದಿಗೂ ಗೂಟ ಹೊಡೆದು, ಗಂಟು ಹಾಕಿದ ದಪ್ಪ ಹಗ್ಗಗಳನ್ನು ನೀರಿನವರೆಗೆ ಇಳಿಬಿಟ್ಟರು. ಗಾಳಿ ತುಂಬಿದ ಹಳೆಯ ಟ್ಯೂಬುಗಳನ್ನು ಕಟ್ಟಿ ತೇಲಿಸಿದರು.

ಹಿತ್ತಲಿನ ಕೊಳದ ಮಾತು? ಮನೆಯವರೆಲ್ಲ ಕೂತು, ಬೇಕು ಬೇಡ ಎರಡನ್ನೂ ತೂಗಿ ನೋಡಿದರು. ನೀರಿನ ಸುಖ ದೊಡ್ಡದೇ. ಆದರೆ ವಾರಕ್ಕೊಮ್ಮೆ ಆಡುವ ಸುಖಕ್ಕೆ ದಿನವೂ ಕಾಯುವ, ತೊಳೆಯುವ, ತುಂಬಿಸುವ ಕೆಲಸ ಈ ಮನೆಗೆ ಒಗ್ಗುವುದಿಲ್ಲ ಎಂದು ತೀರ್ಮಾನವಾಯಿತು. ಹಳೆಯ ಕೊಟ್ಟಿಗೆಯ ಜಾಗಕ್ಕೆ ನುಗ್ಗೆ, ಕರಿಬೇವು ಬಂದವು.

"ಹಂಗಾದ್ರೆ ನಾನು ಈಜು ಕಲಿಯೋದೇ ಇಲ್ವಾ?" ಎಂದು ಮೌನಿಕಾ ತುಟಿ ಊದಿಸಿದಳು.

"ಕಲೀದೆ ಏನಮ್ಮ? ಅದಂತೂ ಕಲೀಲೇಬೇಕು" ಎಂದಳು ಹೊಸ ಬೇಲಿ ನೋಡಲು ಬಂದಿದ್ದ ಶೋಭಾರಾಣಿ. "ವಾರದ ನಡುವೆ ನನ್ನ ಕೊಳ ಖಾಲಿ ಇರ್ತದೆ. ಸಂಘದೋರ ಮಕ್ಕಳೆಲ್ಲ ಬರ್ಲಿ, ಈಜು ಹೇಳ್ಕೊಡೋರನ್ನ ಕರ್ಸಣ. ಆದ್ರೆ ಪ್ರತಿ ಸಲ ಒಬ್ಬ ತಾಯೋ ಅಜ್ಜಿಯೋ ಕಾವಲು ಕೂರ್ಬೇಕು. ಫೋನು ನನ್ನ ಅಡುಗೆಮನೇಲಿ ಇಟ್ಟು ಬರ್ಬೇಕು. ಹೋಗ್ತಾ ಒಂದಿಷ್ಟು ಎಲೆ ತೆಗೆದು ಹೋಗ್ಬೇಕು!"

ಹಾಗೆಯೇ ನಡೆಯಿತು. ಮೊದಮೊದಲು ಮಕ್ಕಳು ಮೂಗು ಹಿಡಿದು ಮುಳುಗುವುದನ್ನು ಕಲಿತರು, ಆಮೇಲೆ ತೇಲುವುದನ್ನು. ರಜೆ ಮುಗಿಯುವ ಹೊತ್ತಿಗೆ ಒಂದು ದಿನ ಮೌನಿಕಾ ಯಾರ ಕೈಯನ್ನೂ ಹಿಡಿಯದೆ ಕೊಳದ ಈ ಅಂಚಿನಿಂದ ಆ ಅಂಚಿಗೆ ಈಜಿದಳು. ಅಲ್ಲಿದ್ದವರೆಲ್ಲ ಕೂಗಿ ಕುಣಿದರು. ರಾಮಲಕ್ಷ್ಮಮ್ಮನವರ ಕಣ್ಣಲ್ಲಿ ನೀರು ತುಂಬಿ ಕೆನ್ನೆಗೆ ಇಳಿಯಿತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ. ಅವತ್ತು ಕಾವಲಿನ ಸರದಿ ಅವರದಾಗಿತ್ತು. ಸೆರಗು ಕಣ್ಣಿಗೆ ಅಡ್ಡ ಬಂದರೆ ಮಕ್ಕಳು ಕಾಣುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಮುಗಿಸಿದ ಮೇಲೆ ಒಮ್ಮೆ ನಿಮ್ಮ ಹಿತ್ತಲಿಗೆ, ತೋಟಕ್ಕೆ ಹೋಗಿ ನೋಡಿ. ಕೃಷಿ ಹೊಂಡವಿದೆಯೇ, ಮುಚ್ಚಳವಿಲ್ಲದ ಸಂಪು ಇದೆಯೇ? ಬೇಲಿ ಎಲ್ಲಿ ಬಿಚ್ಚಿದೆ? ಹಿಡಿದು ಹತ್ತಲು ಹಗ್ಗವಿದೆಯೇ? ಈಜುಕೊಳ ಕಟ್ಟಿಸುವ ಆಸೆಯಿದ್ದರೆ ಖಂಡಿತ ಯೋಚಿಸಿ, ಆದರೆ ನೀರು ಎಲ್ಲಿಂದ ಬರುತ್ತದೆ, ಶುಚಿ ಮಾಡುವವರು ಯಾರು, ಮಕ್ಕಳನ್ನು ಕಾಯುವವರು ಯಾರು ಎಂದು ಮನೆಯವರೆಲ್ಲ ಕೂತು ಮಾತಾಡಿದ ಮೇಲೆ. ಯಾರಾದರೂ ನೀರಿಗೆ ಬಿದ್ದರೆ ನೀವೂ ಹಾರಬೇಡಿ. ಹಗ್ಗ, ಕೋಲು, ಪೈಪು, ಸೀರೆ, ಏನು ಸಿಕ್ಕರೆ ಅದನ್ನು ಚಾಚಿ, ಜನರನ್ನು ಕೂಗಿ, 112ಕ್ಕೆ ಕರೆ ಮಾಡಿ. ಮಕ್ಕಳಿಗೆ ಈಜು ಕಲಿಸಿ, ಕಲಿತ ಮೇಲೂ ಒಂಟಿಯಾಗಿ ನೀರಿಗೆ ಬಿಡಬೇಡಿ. ಬಿಚ್ಚಿಟ್ಟ ಬೇಲಿ ನಿಮ್ಮಲ್ಲೂ ಇದ್ದರೆ ನಾಳೆ ಎನ್ನಬೇಡಿ. ಕತ್ತಲಾಗುವ ಮೊದಲೇ ಎದ್ದು ಹೋಗಿ ಅದನ್ನು ಕಟ್ಟಿ ಬನ್ನಿ.