ಹತ್ತೂವರೆಯ ಹಾರೈಕೆ

ನಾಗವ್ವನ ಎಡಗೈಯ ಎರಡು ಬೆರಳು ಚಪಾತಿ ಫ್ಯಾಕ್ಟರಿಯ ರೋಲರಿಗೆ ಸಿಕ್ಕಿ ಜಜ್ಜಿಹೋದವು. ಅದಾದ ಐದನೇ ದಿನ, ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಅವಳು ಮನೆಯ ಮೆಟ್ಟಿಲಿನ ಮೇಲೆ ಜಾರಿ ಬಿದ್ದಳೆಂದು ರೇಡಿಯೋ ಹೇಳಿತು.

"ಸ್ಟ್ರೀಟ್ಸ್‌ವಿಲ್‌ನ ನಮ್ಮ ಆತ್ಮೀಯ ಕೇಳುಗರು ನಾಗಮ್ಮನವರು, ಪಾಪ, ಮನೆ ಮೆಟ್ಟಿಲು ಇಳಿಯುವಾಗ ಕಾಲು ಜಾರಿ ಕೈಗೆ ಪೆಟ್ಟು ಮಾಡಿಕೊಂಡಿದ್ದಾರೆ. ಬೇಗ ಗುಣವಾಗಲಿ ಅಂತ ನಾವೆಲ್ಲ ಹಾರೈಸೋಣ. ಈ ವಾರದ ಹಾರೈಕೆಯ ಪ್ರಾಯೋಜಕರು..."

ಉಮಾಶಂಕರನ ದನಿ ಎಂದಿನಂತೆ ಬೆಣ್ಣೆ ಸವರಿದ ಹಾಗಿತ್ತು. ಪ್ರಾಯೋಜಕರು ಬೇರೆ ಯಾರೂ ಅಲ್ಲ, ಸುನೀಲಕುಮಾರನ ಏಜೆನ್ಸಿ. ನಾಗವ್ವನನ್ನು ಆ ಫ್ಯಾಕ್ಟರಿಗೆ ಕೆಲಸಕ್ಕೆ ಕಳಿಸಿದ್ದೂ ಅದೇ ಏಜೆನ್ಸಿ.

ಉಪ್ಪಿಟ್ಟಿನ ರವೆ ಹುರಿಯುತ್ತಿದ್ದ ನಾಗವ್ವನ ಬಲಗೈ ನಿಂತಿತು. ಮಗಳು ಮಾಧುರಿ ಇಯರ್‌ಫೋನ್ ಕಿತ್ತು, "ವಾಟ್ ಸ್ಟೇರ್ಸ್, ಮಮ್ಮಿ?" ಅಂದಳು. ಗಂಡ ದಾನಪ್ಪ ಮಾತ್ರ ಫೋನಿನಿಂದ ತಲೆ ಎತ್ತಲಿಲ್ಲ. ರವೆ ಸೀಯುವ ವಾಸನೆ ಬಂದರೂ ಎತ್ತಲಿಲ್ಲ. ನಾಗವ್ವ ಅದನ್ನು ನೋಡಿಟ್ಟುಕೊಂಡಳು.

ಈ ದೇಶಕ್ಕೆ ಬಂದ ಆರು ವರ್ಷದಲ್ಲಿ ಅವಳು ರೇಡಿಯೋದ ಆ ಒಂದು ಗಂಟೆಯನ್ನು ತಪ್ಪಿಸಿದವಳಲ್ಲ. ತಮಿಳಿನ ಗಂಟೆ ಮುಗಿದು ಗುಜರಾತಿಯ ಗಂಟೆ ಶುರುವಾಗುವ ನಡುವೆ ಕನ್ನಡಕ್ಕೆ ಸಿಕ್ಕಿದ್ದ ಜಾಗ ಅಷ್ಟೇ. ಉಮಾಶಂಕರ ಮೈಸೂರಿನವನು, ವಾರವಿಡೀ ಯೂನಿಯನ್‌ವಿಲ್ ಹತ್ತಿರ ಯಾವುದೋ ಕಂಪನಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವನು. ಭಾನುವಾರ ಮಾತ್ರ ಎಲ್ಲರ ಅಡುಗೆಮನೆಯಲ್ಲೂ ಕೂರುತ್ತಿದ್ದ. ವಿಟ್ಬಿಯಲ್ಲಿ ಯಾರಿಗೋ ಅವಳಿ ಮಕ್ಕಳು, ಇನ್ನೆಲ್ಲೋ ಗೃಹಪ್ರವೇಶ, ಮತ್ತಾರಿಗೋ ಮೊಣಕಾಲಿನ ಆಪರೇಷನ್ನು. ಅವನು ಹೆಸರು ಹಿಡಿದು ಹೇಳಿದ ಮೇಲೆ ಅದು ಆದಂತೆ. ನಾಗವ್ವನ ನಲವತ್ತನೇ ಹುಟ್ಟುಹಬ್ಬಕ್ಕೆ ಅವನು ಹಾರೈಸಿದ್ದನ್ನು ದಾನಪ್ಪ ಫೋನಿನಲ್ಲಿ ಹಿಡಿದು ಧಾರವಾಡಕ್ಕೆಲ್ಲ ಕಳಿಸಿದ್ದ. ಆಗ ಹಿಗ್ಗಿದ್ದ ಕಿವಿಗೇ ಈಗ ಅನುಮಾನ ಹತ್ತಿತು. ಆ ಮೊಣಕಾಲಿನವರು ಎಲ್ಲಿ ಕೆಲಸ ಮಾಡುತ್ತಿದ್ದರು? ಅವರು ಬಿದ್ದದ್ದು ಎಲ್ಲಿ?

ಸೋಮವಾರದಿಂದ ಫೋನುಗಳು ಶುರುವಾದವು. ಆಮೇಲೆ ಹಣ್ಣು ಹಿಡಿದುಕೊಂಡು ಮಂದಿ. ಅವರು ಬಾಡಿಗೆಗಿದ್ದ ಬೇಸ್‌ಮೆಂಟಿಗೆ ಇಳಿಯುವ ಒಂಬತ್ತು ಮೆಟ್ಟಿಲುಗಳನ್ನು ಎಲ್ಲರೂ ಕಂಬಿ ಹಿಡಿದೇ ಇಳಿದರು, ಇಳಿದ ಮೇಲೆ ತಿರುಗಿ ನೋಡಿದರು. "ಯಾವ ಮೆಟ್ಟಲಾರಿ?" ಅಂತ ಒಬ್ಬರು ಕೇಳಿಯೇಬಿಟ್ಟರು. "ನಾ ಬಿದ್ದಿಲ್ರಿ, ಇದು ಫ್ಯಾಕ್ಟರಿಯೊಳಗ ಆಗಿದ್ದು" ಅಂದರೆ, ಪಾಪ, ನೋವಿಗೆ ತಲೆ ಕೆಟ್ಟಿದೆ ಅನ್ನುವಂತೆ ಮುಖ ಮಾಡಿದರು. "ರೇಡಿಯೋದಾಗ ಬಂತಲ್ರಿ!"

ರೇಡಿಯೋಕ್ಕೆ ಹೇಳಿದವರು ಯಾರು? ಅವಳಿಗೆ ಮೊದಲು ಅನುಮಾನ ಬಂದದ್ದು ನೀಲಾಂಬಿಕಾಳ ಮೇಲೆ. ಬೆಳಗಾವಿ ಕಡೆಯವಳು, ಬಾಯಿ ಸಡಿಲು, ಫ್ಯಾಕ್ಟರಿಯ ಲೈನಿನಲ್ಲಿ ನಾಗವ್ವನ ಮಗ್ಗುಲಲ್ಲೇ ನಿಲ್ಲುವವಳು. ಬುಧವಾರ ಅವಳೂ ಕಿತ್ತಳೆ ಹಣ್ಣಿನ ಚೀಲ ಹಿಡಿದು ಬಂದಳು.

"ಬಾರವ್ವಾ, ಹುಷಾರ. ನಮ್ಮ ಮೆಟ್ಟಲಾ ಮಂದೀನ ಕಡೀತಾವಂತ."

"ಹಂಗ್ಯಾಕಂತಿ ನಾಗಕ್ಕಾ."

"ರೇಡಿಯೋಕ್ಕ ನೀ ಹೇಳಿದೇನು?"

"ನನ್ನ ಮಕ್ಕಳಾಣಿ, ನಾ ಅಲ್ಲ."

"ನನ್ನ ಕೈ ಎಳದಾಕಿ ನೀನ. ನಿನ್ನ ಏಪ್ರನ್ನಿಗೆ ನನ್ನ ರಕ್ತ ಹತ್ತಿತ್ತು. ಹೌದಿಲ್ಲೋ?"

"ಹತ್ತಿತ್ತು. ಯಾರಿಲ್ಲಂದ್ರು?" ನೀಲಾಂಬಿಕಾ ದನಿ ತಗ್ಗಿಸಿದಳು. "ಆದ್ರ ಈಗ ಊರಿಗೆಲ್ಲಾ ಮೆಟ್ಟಲಾ ಅಂತ ಆಗೇತಲ್ಲ, ಅಕ್ಕಾ. ನಾ ಒಬ್ಬಾಕಿ ಬ್ಯಾರೆ ಹೇಳಿದ್ರ ಯಾರು ನಂಬತಾರ? ಮ್ಯಾಲ ನನಗ ಶಿಫ್ಟೂ ಸಿಗಂಗಿಲ್ಲ."

"ಈಗ ನನ್ನ ಜಾಗಾದಾಗ ಯಾರ ನಿಂದರ್ತಾರ?"

"ನಾನ."

"ಜಾಲರಿ ಹಾಕ್ಯಾರೇನು?"

ರೋಲರಿನ ಮುಂದಿರಬೇಕಾದ ಕಬ್ಬಿಣದ ಜಾಲರಿಯನ್ನು ಬಿಚ್ಚಿ ಗೋಡೆಗೆ ಆನಿಸಿಟ್ಟು ಎರಡು ತಿಂಗಳಾಗಿತ್ತು. ಅದಿದ್ದರೆ ಹಿಟ್ಟು ನಿಧಾನ ಸರಿಯುತ್ತದೆ ಅಂತ ಸೂಪರ್‌ವೈಸರ್ ತಾನೇ ನಿಂತು ಬಿಚ್ಚಿಸಿದ್ದ. ನೀಲಾಂಬಿಕಾ ತಾನೇ ತಂದ ಕಿತ್ತಳೆಯೊಂದನ್ನು ಸುಲಿದು, ಎಳೆ ಎಳೆ ಬಿಡಿಸಿ, ನಾಗವ್ವನ ತಟ್ಟೆಗಿಟ್ಟಳು. ಅವಳ ಹತ್ತೂ ಬೆರಳುಗಳನ್ನು ನಾಗವ್ವ ನೋಡುತ್ತ ಕೂತಳು.

ಗುರುವಾರ ಕಸದ ಚೀಲ ಹೊರಗಿಡಲು ಹೊರಟವಳಿಗೆ ಕಾಲಡಿ ಏನೋ ಒರಟಾಗಿ ಹತ್ತಿತು. ಒಂಬತ್ತೂ ಮೆಟ್ಟಿಲುಗಳ ಅಂಚಿಗೆ ಉಪ್ಪುಕಾಗದದಂಥ ಕಪ್ಪು ಪಟ್ಟಿ. ಹೊಸದು, ಗೋಂದಿನ ವಾಸನೆ ಇನ್ನೂ ಆರಿರಲಿಲ್ಲ. ಕೆಳಗೆ ದಾನಪ್ಪ ಕತ್ತರಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ.

"ಯಾಕ ಹಚ್ಚೀರಿ ಇದನ್ನ?"

"ಜಾರಬಾರದಂತ."

"ಯಾರ ಜಾರಿದ್ರು?"

ದಾನಪ್ಪ ಕತ್ತರಿಯ ಬಾಯಿ ಮುಚ್ಚಿದ, ತೆರೆದ. ಆ ಸದ್ದಿನಲ್ಲಿ ನಾಗವ್ವನಿಗೆ ಕೈ ಜಜ್ಜಿದ ದಿನ ಕ್ಲಿನಿಕ್ಕಿನಲ್ಲಿ ಕಳೆದ ಮಧ್ಯಾಹ್ನ ಮರುಕಳಿಸಿತು. ಆಂಬ್ಯುಲೆನ್ಸು ಬೇಡವೆಂದು ಸೂಪರ್‌ವೈಸರ್ ಅವಳನ್ನು ದಾನಪ್ಪ ಓಡಿಸುವ ವ್ಯಾನಿಗೇ ಹತ್ತಿಸಿದ್ದ. ಇಂಗ್ಲಿಷಿನ ಮಾತೆಲ್ಲ ಗಂಡನದೇ. ಅವನು ಅದೇನೋ ಹೇಳಿದ. ಬರೆದುಕೊಳ್ಳುತ್ತಿದ್ದ ನರ್ಸು ಬಗ್ಗಿ ನಾಗವ್ವನ ಕಾಲಿನ ಕಡೆ ನೋಡಿದಳು. ರಕ್ತ ಸುರಿಯುವ ಕೈ ಬಿಟ್ಟು ಇವಳು ಶೂ ಯಾಕೆ ನೋಡುತ್ತಾಳೆ ಎಂದು ಆ ನೋವಿನಲ್ಲೂ ಅನ್ನಿಸಿತ್ತು.

"ಆವತ್ತ ಕ್ಲಿನಿಕ್ಕಿನ್ಯಾಗೂ ನೀವು ಇದನ್ನ ಹೇಳಿದ್ರಿ," ಅಂದಳು. "ರೇಡಿಯೋಕ್ಕೂ ನೀವ ಹೇಳಿದ್ರಿ."

"ನಾ ಏನ್ ಮಾಡ್ಲಿ? ಸುನೀಲಕುಮಾರ ಫೋನ್ ಮಾಡಿದ್ದ. ವ್ಯಾನ್ ಅವಂದು. ದಿನಾ ಹನ್ನೊಂದು ಮಂದಿ ಹೆಣಮಕ್ಕಳನ್ನ ಒಯ್ದು ಬಿಡೂ ಕೆಲಸ ಅವಂದು. ಇದು ಹ್ವಾದ್ರ ನನ್ನ ವಯಸ್ಸಿಗೆ ಯಾರು ಕೊಡ್ತಾರ?"

"ಹನ್ನೊಂದಲ್ಲ. ಈಗ ಹತ್ತು."

ದಾನಪ್ಪ ಎದ್ದು ನಿಂತ. ಸ್ವರ ಮೆತ್ತಗಾಯಿತು. "ಕೇಳಿಲ್ಲಿ. ಸಂಡೆ ಉಮಾಶಂಕರ ಸರ್ ನಿನಗ ಫೋನ್ ಮಾಡ್ತಾರ, ಲೈವ್. ಆರಾಮ ಅದೀನಿ, ಎಲ್ಲಾರೂ ಮೆಟ್ಟಲಾ ನೋಡಿ ಇಳೀರಿ, ಅಷ್ಟ ಅಂದುಬಿಡು. ಎರಡ ಮಾತು. ಕೈ ಆರಾಮಾದ ಮ್ಯಾಲ ಪ್ಯಾಕಿಂಗಿಗೆ ಹಾಕ್ತೀನಿ ಅಂದಾನ ಸುನೀಲಕುಮಾರ. ಕುಂತು ಮಾಡೂ ಕೆಲಸ."

ನಾಗವ್ವ ಕಸದ ಚೀಲವನ್ನು ನೆಲಕ್ಕಿಟ್ಟಳು. ಬೆರಳಿನ ಆಪರೇಷನ್ನಿಗೆಂದು ಕಳೆದ ಶುಕ್ರವಾರ ದೊಡ್ಡ ಆಸ್ಪತ್ರೆಗೆ ಹೋದಾಗ ಜೊತೆಗಿದ್ದವಳು ಮಾಧುರಿ. ಅವಳು ಡಾಕ್ಟರಿಗೆ ಇದ್ದದ್ದು ಇದ್ದಂತೆ ಹೇಳಿದ್ದಳು. ಅಲ್ಲಿಂದ ಕಾಗದ ಕಾರ್ಮಿಕರ ವಿಮೆಯ ಬೋರ್ಡಿಗೆ ಹೋಗಿತ್ತು. ಕ್ಲಿನಿಕ್ಕಿನ ಕಾಗದ ಒಂದು ಹೇಳುತ್ತದೆ, ಆಸ್ಪತ್ರೆಯದು ಇನ್ನೊಂದು. ಯಾವುದು ನಿಜವೆಂದು ಅವಳ ಬಾಯಿಂದಲೇ ಕೇಳಲು ಬೋರ್ಡಿನವರು ಬರುವ ಸೋಮವಾರ ಫೋನ್ ಮಾಡುವವರಿದ್ದರು.

"ಸೋಮವಾರ ಬೋರ್ಡಿನವರು ಫೋನ್ ಮಾಡ್ತಾರಂತ, ಸಂಡೆ ಇವರು ಮಾಡ್ತಾರೇನು?"

"ಅದಕ್ಕೂ ಇದಕ್ಕೂ ಏನ್ ಸಂಬಂಧ?"

"ನೀವ ಹೇಳ್ರಿ."

ಅವನು ಬಗ್ಗಿ ಪಟ್ಟಿಯ ಚೂರುಗಳನ್ನು ಆರಿಸತೊಡಗಿದ. ಹೇಳಬೇಕಾಗಿಯೂ ಇರಲಿಲ್ಲ. ಊರಿನವರ ಮಾತು ಏಜೆನ್ಸಿಯವರಿಗೆ ಸಾಲದು, ಗಂಡನ ಮಾತೂ ಸಾಲದು. ಅವಳದೇ ದನಿ ಬೇಕಾಗಿತ್ತು, ತೆಗೆದಿಟ್ಟು ಬೋರ್ಡಿಗೆ ಕೇಳಿಸಲು. ಉಮಾಶಂಕರನಿಗೆ ಇದೆಲ್ಲ ಗೊತ್ತೋ, ಅಥವಾ ಅವನ ಬಾಯನ್ನೂ ಬಾಡಿಗೆಗೆ ಹಿಡಿದಿದ್ದಾರೋ? ಆರು ವರ್ಷ ಕೇಳಿದ ದನಿ. ಇಷ್ಟಾದರೂ ಅವನನ್ನು ಪೂರ್ತಿ ಕೆಟ್ಟವನೆನ್ನಲು ಅವಳ ಮನಸ್ಸು ಒಪ್ಪಲಿಲ್ಲ.

ಭಾನುವಾರ ಹತ್ತೂವರೆಗೆ ಫೋನು ಬಂತು. ದಾನಪ್ಪ ಸ್ಪೀಕರಿಗೆ ಹಾಕಿ ಊಟದ ಟೇಬಲ್ಲಿನ ಮೇಲಿಟ್ಟ. ಮಾಧುರಿ ಗೋಡೆಗೊರಗಿ ನಿಂತಳು. ಕಪಾಟಿನ ಮೇಲೆ ರೇಡಿಯೋದಲ್ಲಿ ಅಕ್ಕಿಯ ಜಾಹೀರಾತು ನಡೆದಿತ್ತು.

"ನಾಗಮ್ಮನವರೇ, ನಮಸ್ಕಾರ."

"ನಾಗವ್ವ, ರೀ."

"ಹಾಂ, ನಾಗವ್ವ. ನೋಡಿ, ಒಂದೂವರೆ ನಿಮಿಷ ಅಷ್ಟೆ. ಗಾಬರಿ ಏನಿಲ್ಲ. ಮನೇಲಿ ರೇಡಿಯೋ ಆನ್ ಇದ್ರೆ ಆಫ್ ಮಾಡ್ಕೊಂಡ್ಬಿಡಿ, ನಮಗೆ ಎರಡೆರಡು ಸಲ ಕೇಳುತ್ತೆ."

ದಾನಪ್ಪ ಓಡಿಹೋಗಿ ರೇಡಿಯೋದ ದನಿ ತಗ್ಗಿಸಿದ. ಫೋನಿನೊಳಗೆ ತಂಬೂರಿಯ ಸದ್ದು ಬಂದು ಹೋಯಿತು. ಉಮಾಶಂಕರನ ಗಂಟಲು ಬದಲಾಯಿತು.

"ಸ್ಟ್ರೀಟ್ಸ್‌ವಿಲ್‌ನಿಂದ ನಾಗವ್ವನವರು ನಮ್ಮ ಜೊತೆಗಿದ್ದಾರೆ. ಅಕ್ಕಾ, ಎಲ್ಲರಿಗೂ ನಿಮ್ಮದೇ ಚಿಂತೆ. ಹೇಗಿದೆ ಕೈ?"

"ನೋವೈತ್ರಿ."

"ಮೆಟ್ಟಿಲು ಇಳಿಯುವಾಗ ನಾವೆಲ್ಲ ಎಷ್ಟು ಜೋಪಾನವಾಗಿರಬೇಕು, ಅಲ್ವಾ? ನೀವೇ ಕೇಳುಗರಿಗೆ ಒಂದು ಮಾತು ಹೇಳಿ."

"ನಾ ಮೆಟ್ಟಲದಾಗ ಬಿದ್ದಿಲ್ರಿ. ಚಪಾತಿ ಫ್ಯಾಕ್ಟರಿ ರೋಲರ್‌ನ್ಯಾಗ ಕೈ ಸಿಕ್ಕೈತಿ. ಅದರ ಜಾಲರಿ ತಗದಿಟ್ಟಾರ. ಈಗ ಅಲ್ಲಿ ಇನ್ನೊಬ್ಬಾಕಿ ನಿಂತಾಳ."

ಫೋನು ಮೂಕವಾಯಿತು. ಕಪಾಟಿನ ರೇಡಿಯೋ ಮಾತ್ರ ಹಿಂದುಳಿದವರಂತೆ ಈಗ ಆ ಮಾತಿಗೆ ಬಂತು. "ಹೇಗಿದೆ ಕೈ?" ಎಂದು ಸಣ್ಣಗೆ ಕೇಳಿತು. "ನೋವೈತ್ರಿ" ಎಂದಿತು ಅವಳದೇ ದನಿ. ಮೆಟ್ಟಿಲು, ಜೋಪಾನ, ಕೇಳುಗರಿಗೆ ಒಂದು ಮಾತು. ಮುಂದೆ ಬರಬೇಕಾದದ್ದು ಬರಲಿಲ್ಲ. ಕೊಳಲು ಬಂತು, ಅದರ ಹಿಂದೆ ಒಂದು ಹಾಡು.

"ಏನ್ರೀ ಇದು?" ಫೋನಿನ ದನಿಯಲ್ಲಿ ಈಗ ಬೆಣ್ಣೆ ಇರಲಿಲ್ಲ. "ಅದು ಹೊರಗೆ ಹೋಗಿಲ್ಲ, ತಿಳ್ಕೊಳ್ಳಿ. ಯಾವ ಮಾತೂ ಹೊರಗೆ ಹೋಗೋಕೆ ಮುಂಚೆ ಇಪ್ಪತ್ತು ಸೆಕೆಂಡ್ ನನ್ನ ಕೈಲಿರುತ್ತೆ. ಸುನೀಲಕುಮಾರ್ ಅವರು ಇಲ್ಲೇ ಕೂತಿದ್ದಾರೆ, ಎಷ್ಟು ಬೇಜಾರಾಗಿದೆ ಗೊತ್ತಾ ಅವರಿಗೆ? ಹಾಡು ನಾಲ್ಕು ನಿಮಿಷ ಇದೆ. ಅಷ್ಟರಲ್ಲಿ ರೆಕಾರ್ಡ್ ಮಾಡ್ಕೋತೀನಿ. ಮೆಟ್ಟಿಲಿಂದ ಬಿದ್ದೆ ಅಂತ ಒಂದೇ ಒಂದು ಸಲ ನೀಟಾಗಿ ಹೇಳಿ, ಸಾಕು. ಮಿಕ್ಕಿದ್ದು ನಾನು ಜೋಡಿಸ್ಕೋತೀನಿ."

"ಜೋಡಿಸ್ತೀರಿ?"

"ಅದು ನನ್ನ ಕೆಲಸ, ಬಿಡಿ. ಹಿಂದೆ ಹಾಡು ಕೇಳಿಸ್ತಿದೆ. ಮೊದಲು ಆ ರೇಡಿಯೋ ಆಫ್ ಮಾಡಿ. ಸದ್ದಿದ್ರೆ ರೆಕಾರ್ಡು ಉಪಯೋಗಕ್ಕೆ ಬರಲ್ಲ."

ದಾನಪ್ಪ ಕಪಾಟಿನತ್ತ ಹೆಜ್ಜೆ ಇಟ್ಟ. ಅವನಿಗಿಂತ ಮುಂಚೆ ನಾಗವ್ವ ಅಲ್ಲಿದ್ದಳು. ಬಿಳಿ ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ರೇಡಿಯೋದ ಗುಂಡಿಯನ್ನು ಕೊನೆ ಮುಟ್ಟುವ ತನಕ ತಿರುವಿದಳು. ಹಾಡು ಬೇಸ್‌ಮೆಂಟಿನ ತಗ್ಗು ಚಾವಣಿಗೆ ಬಡಿಯಿತು. ಮೇಲಿನ ಮನೆಯವರು ನೆಲವನ್ನು ಎರಡು ಸಲ ಕುಟ್ಟಿದರು.

"ನಾಗೀ, ಬಂದ್ ಮಾಡಲೇ ಅದನ್ನ!" ದಾನಪ್ಪ ಕೂಗಿದ.

"ಹಲೋ? ಹಲೋ? ನಾಗಮ್ಮ, ರೇಡಿಯೋ ಆಫ್ ಮಾಡಿ!" ಟೇಬಲ್ಲಿನ ಮೇಲಿಂದ ಫೋನು ಅರಚಿತು.

ಅವಳು ಇಬ್ಬರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಬಂದ್ ಮಾಡಂಗಿಲ್ಲ."