ಅತ್ತಿಗೆ ವರದಿಗಳನ್ನು ನಿಲ್ಲಿಸಿದ ತಿಂಗಳು

ಆ ದಿನ ಮೈದುನ ಜಗಳಕ್ಕೆ ಸಿದ್ಧನಾಗಿಯೇ ಮೂರನೇ ಮಹಡಿಗೆ ಹೋದ. ಮೆಟ್ಟಿಲು ಹತ್ತುತ್ತಲೇ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡಿದ್ದ. ಹಳೆಯ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಹೋಗೋಣ ಎಂದು ಹೇಳುವುದೇನೋ ಸುಲಭ. ಆದರೆ ಆ ಹಳೆಯದರಲ್ಲಿ ಹತ್ತು ವರ್ಷದಿಂದ ಒಂದೊಂದು ವರದಿಯನ್ನೂ ಕಟ್ಟಿ ಬೆಳೆಸಿದವರು ಅತ್ತಿಗೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಬಿಟ್ಟುಬಿಡಿ ಅಂದರೆ ಸುಮ್ಮನಿರುತ್ತಾರೆಯೇ?

ಅವರದು ಶೂ, ಚಪ್ಪಲಿ ಮಾಡಿ ಮಾರುವ ಮನೆತನದ ಕಂಪನಿ. ನೆಲಮಹಡಿಯಲ್ಲಿ ಕಾರ್ಖಾನೆ, ಅದರ ಮೇಲೆ ಆಫೀಸು, ಊರ ತುಂಬ ಅಂಗಡಿಗಳು. ಅಣ್ಣ ಯಜಮಾನ, ಮೈದುನ ಅಂಗಡಿಗಳ ಉಸ್ತುವಾರಿ. ಯಾವ ಶೂ ಎಲ್ಲಿ ಹೋಯಿತು, ಯಾವುದು ಧೂಳು ತಿನ್ನುತ್ತ ಕೂತಿದೆ, ಯಾವ ಸೈಜು ಮುಗಿಯುತ್ತ ಬಂತು, ಇದನ್ನೆಲ್ಲ ಅಂಗಡಿಗಳ ಬಿಲ್ಲುಗಳಿಂದ ಸೋಸಿ, ಗ್ರಾಫು ಮಾಡಿ ಎಲ್ಲರಿಗೂ ಕಳಿಸುವುದು ಅತ್ತಿಗೆಯ ಕೆಲಸ. ಅದಕ್ಕೆ ಬಳಸುತ್ತಿದ್ದ ಸಾಫ್ಟ್‌ವೇರಿಗೆ ಆಫೀಸಿನವರು ಇಟ್ಟ ಹೆಸರು ‘ಅಜ್ಜ’. ಇಂದು ಕೇಳಿದ್ದಕ್ಕೆ ಮಲಗಿ ಎದ್ದು ನಾಳೆ ಉತ್ತರ ಕೊಡುತ್ತಿತ್ತು.

ಮೈದುನನ ತಲೆಯಲ್ಲಿ ಹುಳ ಬಿಟ್ಟದ್ದು ವ್ಯಾಪಾರಿಗಳ ಒಂದು ಸಭೆ. ಅಲ್ಲಿ ಎದುರಾಳಿ ಕಂಪನಿಯವನೊಬ್ಬ ತನ್ನ ಪರದೆ ತೋರಿಸಿದ್ದ. ನಕಾಶೆಯ ಮೇಲೆ ಒಂದೊಂದು ಅಂಗಡಿಯ ಮಾರಾಟಕ್ಕೆ ತಕ್ಕಂತೆ ಬಣ್ಣಬಣ್ಣದ ಗುಳ್ಳೆಗಳು ಉಬ್ಬುತ್ತಿದ್ದವು, ಇಳಿಯುತ್ತಿದ್ದವು. ಮೈದುನನಿಗೆ ತನ್ನ ಜೇಬಿನಲ್ಲಿದ್ದ ಫೋನು ಕೂಡ ಹಳತಾದಂತೆ ಕಂಡಿತು.

“ಅತ್ತಿಗೆ, ಅಜ್ಜನ ಕಾಲ ಮುಗೀತು ಅನ್ಸುತ್ತೆ,” ಎಂದು ಶುರು ಮಾಡಿದ. “ಎಲ್ಲರೂ ಹೊಸದಕ್ಕೆ ಹೋಗ್ತಿದ್ದಾರೆ. ನಾವು ಮಾತ್ರ...”

“ಸರಿ ಕಣಪ್ಪ, ಬದಲಾಯಿಸೋಣ.”

ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ದಂಡವಾಯಿತು. “ಏನಂದ್ರಿ?”

“ಬದಲಾಯಿಸೋಣ ಅಂದೆ. ಆದ್ರೆ ನಂಗೊಂದು ತಿಂಗಳು ಕೊಡು. ಏನೇನು ಹೊತ್ಕೊಂಡು ಹೋಗ್ಬೇಕು, ಏನೇನು ಇಲ್ಲೇ ಬಿಡ್ಬೇಕು ನೋಡ್ಬೇಕಲ್ಲ? ಮನೆ ಬದಲಾಯಿಸೋವಾಗ ಒಡೆದ ಬಕೆಟ್ಟನ್ನೂ ಲಾರಿಗೆ ಹಾಕ್ತಾರಾ?”

“ಅದಕ್ಕೇನು, ಯಾರಿಗೆ ಯಾವ ರಿಪೋರ್ಟ್ ಬೇಕು ಅಂತ ಎಲ್ಲರನ್ನೂ ಕೇಳಿದ್ರಾಯ್ತು.”

“ಕೇಳಿದ್ರೆ ಎಲ್ಲರೂ ಎಲ್ಲಾನೂ ಬೇಕು ಅಂತಾರೆ. ನಾನು ಕೇಳಲ್ಲ. ನಿಲ್ಲಿಸ್ತೀನಿ. ಯಾರು ಕೂಗ್ತಾರೆ ನೋಡೋಣ. ಕೂಗಿದೋರಿಗೆ ತಕ್ಷಣ ಕೊಡೋಣ.” ಆಮೇಲೆ ದನಿ ತಗ್ಗಿಸಿ, “ಯಾರಿಗೂ ಹೇಳ್ಬೇಡ. ನಿಮ್ಮಣ್ಣನಿಗೂ,” ಅಂದರು.

ಸೋಮವಾರ ಬೆಳಿಗ್ಗೆ ನೂರಾರು ವರದಿಗಳು ಬಾಯಿ ಮುಚ್ಚಿದವು. ಆಫೀಸೇ ಹೊತ್ತಿ ಉರಿಯುತ್ತದೆ ಎಂದುಕೊಂಡು ಮೈದುನ ಕೂತಿದ್ದ. ಫೋನುಗಳು ಮಾಮೂಲಾಗಿಯೇ ಬಡಿದುಕೊಂಡವು, ಜನ ಚಹಾ ಕುಡಿದರು, ಸಂಜೆ ದೀಪ ಆರಿಸಿ ಮನೆಗೆ ಹೋದರು. ಮಂಗಳವಾರವೂ ಅಷ್ಟೇ. ವಾರ ಕಳೆಯುತ್ತ ಬಂದರೂ ಅಷ್ಟೇ.

“ಯಾರಾದ್ರೂ ಕೂಗಿದ್ರಾ?” ಎಂದು ದಿನಾ ಹೋಗಿ ಕೇಳುತ್ತಿದ್ದ.

“ಇಲ್ಲ,” ಅನ್ನುತ್ತಿದ್ದರು ಅತ್ತಿಗೆ. ಹಾಲಿನವನು ಬಂದನೇ ಎಂದು ಕೇಳಿದರೆ ಹೇಳುವಷ್ಟೇ ಸಹಜವಾಗಿ. ಆದರೆ ಮೈದುನ ಕುರುಡನಲ್ಲ. ಮೇಜಿನ ಮೇಲಿನ ಫೋನಿನ ಕಡೆಗೆ ಅವರ ಕಣ್ಣು ಮತ್ತೆಮತ್ತೆ ಹೋಗುವುದನ್ನು ನೋಡಿದ್ದ. ತಾನು ಮಾಡಿಟ್ಟದ್ದು ಬೇಕೇಬೇಕು ಎಂದು ಒಬ್ಬರಾದರೂ ಕೂಗಲಿ ಎಂದು ಯಾರಿಗೆ ತಾನೇ ಆಸೆಯಿರುವುದಿಲ್ಲ? ತಾನಾಗಿದ್ದರೆ ಎರಡನೇ ದಿನವೇ ಎಲ್ಲವನ್ನೂ ಮತ್ತೆ ಶುರು ಮಾಡಿ, ಏನೂ ಆಗಲೇ ಇಲ್ಲವೆಂಬಂತೆ ಇದ್ದುಬಿಡುತ್ತಿದ್ದೆ ಎಂದುಕೊಂಡ.

ಕೊನೆಗೂ ಮೊದಲು ಕೂಗಿದ್ದು ಕಾರ್ಖಾನೆಯ ಕಟಿಂಗ್ ಮೇಸ್ತ್ರಿ. “ಏನ್ ಮೇಡಂ ಇದು! ಚರ್ಮ ಹಾಸ್ಕೊಂಡು ಕೂತಿದ್ದೀವಿ, ಯಾವ ಸೈಜು ಕತ್ತರಿಸ್ಬೇಕು ಅಂತ ಹೇಳೋರೇ ಇಲ್ಲ!” ಅತ್ತಿಗೆ ಬೈಸಿಕೊಂಡು ಅಷ್ಟು ಖುಷಿಪಟ್ಟದ್ದನ್ನು ಮೈದುನ ಎಂದೂ ನೋಡಿರಲಿಲ್ಲ. ಹಾಳೆ ಹಿಡಿದು ತಾವೇ ಕೆಳಗೆ ಓಡಿದರು.

ವಾಪಸು ಬಂದವರು ಏದುಸಿರಲ್ಲೇ ಕೇಳಿದರು: “ಹೌದು, ನೀನು ಹೋದ ವರ್ಷ ನನ್ನ ಬೆನ್ನು ಬಿದ್ದು ಅಂಗಡಿ ಅಂಗಡಿಗೆ ಹೋಲಿಸೋ ರಿಪೋರ್ಟ್ ಮಾಡಿಸ್ಕೊಂಡ್ಯಲ್ಲ? ಅದಿಲ್ದಿದ್ರೆ ವ್ಯಾಪಾರವೇ ನಿಲ್ಲುತ್ತೆ ಅಂದಿದ್ದೆ.”

“ಹೌದು, ಅದು ತುಂಬ ಮುಖ್ಯ.”

“ಅದನ್ನೂ ನಿಲ್ಲಿಸಿದ್ದೀನಿ. ಮೊದಲ ದಿನವೇ.”

ಮೈದುನನ ಮುಖ ಇಂಗು ತಿಂದ ಮಂಗನಂತಾಯಿತು. ಅತ್ತಿಗೆ ಮಾತ್ರ ಒಂದು ಮಾತೂ ಆಡಿಕೊಳ್ಳದೆ, “ಊಟ ಆಯ್ತಾ?” ಎಂದು ಕೇಳಿ ಅವನ ಮಾನ ಉಳಿಸಿದರು.

ಅಣ್ಣನದು ಇನ್ನೂ ಚೆಂದ. ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಅವನೇ ವಿಷಯ ತೆಗೆದ. “ಅಜ್ಜನನ್ನ ಬದಲಾಯಿಸ್ತೀರಂತೆ. ಏನಾದ್ರೂ ಮಾಡ್ಕೊಳ್ಳಿ, ನನ್ನ ಬೆಳಗಿನ ರಿಪೋರ್ಟ್ ಮಾತ್ರ ಮುಟ್ಬೇಡಿ. ಅದನ್ನ ನೋಡದೆ ನಾನು ಕೆಲಸ ಶುರು ಮಾಡೋದೇ ಇಲ್ಲ.”

ಮೈದುನ ತಟ್ಟೆಯ ಮೇಲೆ ಬಗ್ಗಿದ. ಅತ್ತಿಗೆ ಬಡಿಸುತ್ತಿದ್ದ ಸೌಟನ್ನು ಅಲ್ಲೇ ಹಿಡಿದು ಕೇಳಿದರು: “ಇವತ್ತಿಂದು ಹೇಗಿತ್ತು ರೀ?”

“ಚೆನ್ನಾಗಿತ್ತು. ಸ್ವಲ್ಪ ಉದ್ದ ಆಯ್ತು.”

ಅತ್ತಿಗೆ ಸೌಟು ಕೆಳಗಿಟ್ಟು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಎರಡು ವಾರದಿಂದ ಆ ವರದಿ ಹೋಗಿಯೇ ಇರಲಿಲ್ಲ. ವಿಷಯ ತಿಳಿದ ಅಣ್ಣ ಮೊದಲು ಮುಖ ಊದಿಸಿಕೊಂಡ. ಆಮೇಲೆ ಅವನಿಗೂ ನಗು ತಡೆಯಲಾಗಲಿಲ್ಲ. “ನಾನು ಓದದ ರಿಪೋರ್ಟಿಗೆ ಎಷ್ಟು ವರ್ಷ ಒಲೆ ಉರಿಸಿದ್ಯಲ್ಲೇ!” ಅಂದ.

ಎಲ್ಲವನ್ನೂ ಬದಲಿಸಿದ್ದು ಮಾತ್ರ ಬಸ್ ನಿಲ್ದಾಣದ ಎದುರಿನ ಅಂಗಡಿಯಿಂದ ಬಂದ ಫೋನು. ಮಾತಾಡಿದ್ದು ಆ ಅಂಗಡಿಯ ಮ್ಯಾನೇಜರಮ್ಮ. ಕಂದು ಬಣ್ಣದ ಎಂಟನೇ ನಂಬರಿನ ಶೂ ಬೇರೆ ಯಾವ ಅಂಗಡಿಯಲ್ಲಿದೆ ಎಂದು ಆಕೆಗೆ ಬೇಕಿತ್ತು. ಮೈದುನನೂ ಕೇಳಲಿ ಎಂದು ಅತ್ತಿಗೆ ಸ್ಪೀಕರ್ ಹಾಕಿದರು.

“ಸ್ಟಾಕ್ ರಿಪೋರ್ಟ್ ನಿಂತಿದೆ ಅಂತ ಫೋನ್ ಮಾಡಿದ್ರಾ?”

“ನಿಂತಿದೆಯಾ? ಅಯ್ಯೋ, ನಾನು ಅದನ್ನ ತೆಗೆದು ನೋಡಿ ಎಷ್ಟೋ ಕಾಲ ಆಯ್ತು ಮೇಡಂ. ಅದು ನಿನ್ನೆ ಏನಿತ್ತು ಅಂತ ಹೇಳುತ್ತೆ. ನನ್ನ ಗಿರಾಕಿ ಈಗ ಒಂದೇ ಕಾಲಿಗೆ ಶೂ ಹಾಕ್ಕೊಂಡು ನಿಂತಿದ್ದಾರೆ.”

ಫೋನು ಇಟ್ಟ ಮೇಲೆ ಅತ್ತಿಗೆ ಬ್ಯಾಗು ಹೆಗಲಿಗೆ ಹಾಕಿ, “ಬಾ, ಹೋಗಿ ನೋಡೋಣ,” ಅಂದರು.

ಆ ಅಂಗಡಿಯಲ್ಲಿ ಶೂ ಹಾಕಿ ನೋಡುವ ಬೆಂಚಿನ ತುದಿಯಲ್ಲಿ ಇಬ್ಬರೂ ಮಧ್ಯಾಹ್ನವೆಲ್ಲ ಕೂತರು. ವರದಿ ನೋಡುವ ಕಂಪ್ಯೂಟರು ಹಿಂದಿನ ಕೋಣೆಯಲ್ಲಿ ಖಾಲಿ ಡಬ್ಬಿಗಳ ನಡುವೆ ಹೂತುಹೋಗಿತ್ತು. ಸೈಜು ಸಿಗದಾಗಲೆಲ್ಲ ಮ್ಯಾನೇಜರಮ್ಮ ಒಂದು ಕೈಯಲ್ಲಿ ಶೂ ಹಿಡಿದು, ಇನ್ನೊಂದು ಕೈಯಲ್ಲಿ ಅಂಗಡಿಯಿಂದ ಅಂಗಡಿಗೆ ಫೋನ್ ಹಚ್ಚುತ್ತಿದ್ದಳು. ಅಲ್ಲಿಯವರು ಹುಡುಕಿ ಹೇಳುವಷ್ಟರಲ್ಲಿ ಗಿರಾಕಿ ತನ್ನ ಹಳೆಯ ಶೂ ಮೆಟ್ಟಿ ಬಸ್ಸು ಹತ್ತಿರುತ್ತಿದ್ದ. ಹೀಗೆ ಹೋದವರು ಒಬ್ಬಿಬ್ಬರಲ್ಲ. ಅಂಗಡಿಗಳ ಉಸ್ತುವಾರಿಯಾಗಿ ಅಷ್ಟು ವರ್ಷ ಕಳೆದರೂ ಮೈದುನ ಆ ಬೆಂಚಿನ ಮೇಲೆ ಕೂತು ನೋಡಿದ್ದು ಅದೇ ಮೊದಲು.

ವಾಪಸು ಬರುವಾಗ ಅತ್ತಿಗೆ ಹೇಳಿದರು: “ಹತ್ತು ವರ್ಷ ನಾನು ಮೀಟಿಂಗಿಗೆ ಉತ್ತರ ಮಾಡಿ ಕೊಟ್ಟೆ ಕಣಪ್ಪ. ಅಂಗಡಿಯವರು ಕೇಳ್ತಿದ್ದ ಪ್ರಶ್ನೆನೇ ಬೇರೆ.” ದನಿಯಲ್ಲಿ ಅಳು ಇರಲಿಲ್ಲ. ಮುಂದಿನ ಕೆಲಸ ಸಿಕ್ಕಿದವರ ಅವಸರ ಇತ್ತು.

ಹೊಸ ಸಾಫ್ಟ್‌ವೇರ್ ಮಾರುವವರು ಇಬ್ಬರು ಬಂದರು. ಮೊದಲನೆಯವನದು ಮೈದುನ ಮೆಚ್ಚಿದ ಗುಳ್ಳೆಗಳ ನಕಾಶೆ. ಅವನು ನಿರರ್ಗಳವಾಗಿ ಮಾತಾಡಿದ. ಅಣ್ಣ ಮೂರು ಸಲ ‘ವಾಹ್’ ಅಂದ. ಅತ್ತಿಗೆ ಕೊನೆಯ ತನಕ ಕೇಳಿ, ಪಕ್ಕದಲ್ಲಿ ಕೂರಿಸಿಕೊಂಡಿದ್ದ ಮ್ಯಾನೇಜರಮ್ಮನ ಕೈಗೆ ಫೋನು ಕೊಟ್ಟರು. “ಇದರಲ್ಲಿ ಎಂಟನೇ ನಂಬರು ಹುಡುಕಿ. ಗಿರಾಕಿ ನಿಂತಿದ್ದಾರೆ ಅಂದ್ಕೊಳ್ಳಿ.” ನಕಾಶೆ ಸಣ್ಣ ಪರದೆಯ ಮೇಲೆ ಒದ್ದಾಡಿತು. ಮಾರುವವನು, “ನೆಟ್‌ವರ್ಕ್ ಸ್ವಲ್ಪ...” ಎಂದು ಬೆವರು ಒರೆಸಿಕೊಂಡ. ಎರಡನೆಯವನದು ನೋಡಲು ಸಪ್ಪೆ. ಆದರೆ ಮ್ಯಾನೇಜರಮ್ಮ ಎರಡು ಸಲ ಬೆರಳು ಒತ್ತಿದ್ದೇ, “ಇಗೋ! ನಮ್ಮ ಹಿಂದಿನ ರಸ್ತೆ ಅಂಗಡೀಲೇ ಇದೆ!” ಎಂದು ಕೂಗಿಬಿಟ್ಟಳು.

ಅತ್ತಿಗೆ ಮೈದುನನ ಕಡೆ ತಿರುಗಿದರು. “ನೀನು ಹೇಳು. ಅಂಗಡಿ ನಿಂದು.”

ಗುಳ್ಳೆಗಳ ಆಸೆ ಅವನಿಗೆ ಪೂರ್ತಿ ಬಿಟ್ಟಿರಲಿಲ್ಲ. ಆದರೂ, “ಸಪ್ಪೆದೇ ಇರಲಿ,” ಅಂದ. ಅಂದಾದ ಮೇಲೆ ಮನಸ್ಸು ಹಗುರವಾಯಿತು.

ಅಜ್ಜನನ್ನು ಬೀಳ್ಕೊಡುವ ದಿನ ಅತ್ತಿಗೆ ಹಳೆಯ ವರದಿಗಳನ್ನು ಒಂದೊಂದಾಗಿ ತೆರೆದು ನೋಡುತ್ತಿದ್ದರು. ಮೈದುನ ಬಾಗಿಲಲ್ಲೇ ನಿಂತ. “ಇದನ್ನ ಮಾಡೋವಾಗ ಮಗಳಿಗೆ ಜ್ವರ. ತೊಡೆ ಮೇಲೆ ಮಲಗಿಸ್ಕೊಂಡು ಒಂದೇ ಕೈಲಿ ಟೈಪ್ ಮಾಡಿದ್ದೆ,” ಎಂದು ತೋರಿಸಿದರು. ಚೆಂದದ ಕೆಲಸ, ನಿಲ್ಲಿಸಿದ ಮೇಲೆ ಯಾರೂ ಕೇಳಿರಲಿಲ್ಲ. ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಅಳಿಸಿಬಿಟ್ಟರು.

ಹೊಸದು ಬಂದ ಕೂಡಲೇ ಎಲ್ಲ ಸುಗಮವಾಯಿತು ಎಂದರೆ ಸುಳ್ಳಾಗುತ್ತದೆ. ಮೊದಲ ವಾರಗಳಲ್ಲಿ ಇಲ್ಲದ ಶೂ ಇದೆಯೆಂದಿತು, ಇದ್ದದ್ದು ಇಲ್ಲವೆಂದಿತು. ಒಂದು ದಿನವಂತೂ ಬೆಳಗಿನಿಂದ ಮಧ್ಯಾಹ್ನದ ತನಕ ಪರದೆ ಬೆಳ್ಳಗೆ ನಿಂತುಬಿಟ್ಟಿತು. ಅತ್ತಿಗೆ ಅಂಗಡಿ ಅಂಗಡಿಗೆ ಅಲೆದು ಬೈಗುಳ ತಿಂದರು, ಬೈದವರ ಪಕ್ಕದಲ್ಲೇ ಕೂತು ಸರಿಪಡಿಸಿದರು. ನಿಧಾನಕ್ಕೆ ಬೈಗುಳ ಹೊಗಳಿಕೆಗೆ ತಿರುಗಿತು. ಬರಿಗೈಯಲ್ಲಿ ಬಸ್ಸು ಹತ್ತುವವರು ಕಡಿಮೆಯಾದರು. ಯಾವ ಸೈಜು ಖಾಲಿಯಾಗುತ್ತಿದೆ ಎಂದು ಕಟಿಂಗ್ ಮೇಸ್ತ್ರಿಗೂ ಕಾಣುತ್ತಿದ್ದುದರಿಂದ, ಅವನೂ ಮ್ಯಾನೇಜರಮ್ಮನೂ ಯಾರನ್ನೂ ನಡುವೆ ತರದೆ ತಾವೇ ಮಾತಾಡಿಕೊಳ್ಳತೊಡಗಿದರು.

ಹಾಗಾಗಿ ಮೂರನೇ ಮಹಡಿಯ ಫೋನು ಬಡಿದುಕೊಳ್ಳುವುದು ನಿಂತಿತು. ಮೈದುನನಿಗೆ ಕಸಿವಿಸಿ. ಮೊದಲು ಹೊಸ ಹೊಸ ವರದಿ ಬೇಕೆಂದು ಜನ ಆ ಬಾಗಿಲಲ್ಲಿ ಕಾಯುತ್ತಿದ್ದರು. ಈಗ ಯಾರೂ ಇಲ್ಲ. ಇದನ್ನು ಶುರು ಮಾಡಿದವನು ತಾನೇ. ಏನಾದರೂ ಸಮಾಧಾನ ಹೇಳೋಣವೆಂದು ಮೆಟ್ಟಿಲು ಹತ್ತಿ ಹೋದರೆ, ಅತ್ತಿಗೆ ಮೇಜಿನ ಖಾನೆಗಳನ್ನು ಖಾಲಿ ಮಾಡುತ್ತಿದ್ದರು.

“ಎಲ್ಲಿಗೆ ಅತ್ತಿಗೆ?” ಅವನ ದನಿ ಸಣ್ಣದಾಗಿತ್ತು.

“ಕೆಳಗೆ, ಕಟಿಂಗ್ ವಿಭಾಗಕ್ಕೆ. ಒಂದು ಚರ್ಮದಲ್ಲಿ ಎಷ್ಟು ಚೂರು ಹಾಳಾಗುತ್ತೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮೇಸ್ತ್ರಿ ಪಕ್ಕದಲ್ಲೇ ಕೂತು ನೋಡ್ತೀನಿ. ಸುಮ್ನೆ ನಿಂತಿದ್ಯಲ್ಲ, ಮೇಜಿನ ಆ ಕಡೆ ಹಿಡ್ಕೋ.”

ಮೈದುನ ಹಿಂದುಮುಂದಾಗಿ ಮೆಟ್ಟಿಲು ಇಳಿದ. ಮೇಜಿನ ಇನ್ನೊಂದು ತುದಿ ಅತ್ತಿಗೆಯ ಕೈಯಲ್ಲಿತ್ತು. ಕೆಳಗೆ ಚರ್ಮದ ವಾಸನೆ, ಯಂತ್ರಗಳ ಗದ್ದಲ. ಮೇಸ್ತ್ರಿ ಚರ್ಮದ ಸುರುಳಿಗಳನ್ನು ಬದಿಗೆ ಸರಿಸಿ, “ಕಿಟಕಿ ಹತ್ರ ಇಡಿ, ಅಲ್ಲಿ ಬೆಳಕು ಚೆನ್ನಾಗಿದೆ,” ಎಂದು ಜಾಗ ತೋರಿಸಿದ. ಅತ್ತಿಗೆ ಕುರ್ಚಿಗಾಗಿ ಸುತ್ತ ನೋಡಿದರು. ಅವರು ಬಾಯಿ ಬಿಡುವ ಮೊದಲೇ ಮೈದುನ ಕುರ್ಚಿ ತರಲು ಮೇಲಕ್ಕೆ ಓಡಿದ.