ಕಳಶಕ್ಕೆ ಕಟ್ಟಿದ ಮುಖ

೨೦೧೪ರ ಜುಲೈ ೨೧, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಾನು ಹುಟ್ಟಿದೆ. ನಾನು ವರಮಹಾಲಕ್ಷ್ಮಿಯ ಬೆಳ್ಳಿ ಮುಖವಾಡ. ತುಮಕೂರಿನ ಒಂದು ಅಂಗಡಿಯ ಹಿಂಬದಿಯಲ್ಲಿ ತೆಳುವಾದ ಬೆಳ್ಳಿ ತಗಡನ್ನು ಉಕ್ಕಿನ ಅಚ್ಚಿನ ಮೇಲಿಟ್ಟು ಒತ್ತಿದರು. ಮೂಗು ಎದ್ದಿತು, ತುಟಿ ಎದ್ದಿತು, ತುಟಿಯ ಮೇಲೆ ಒಂದು ನಗೆಯೂ ಎದ್ದಿತು. ಆ ನಗೆ ನಾನು ಆರಿಸಿಕೊಂಡದ್ದಲ್ಲ. ಬಣ್ಣದಲ್ಲಿ ಕಣ್ಣು ಬರೆದರು. ಅವನ್ನು ಮುಚ್ಚಲು ನನಗೆ ರೆಪ್ಪೆಗಳಿಲ್ಲ. ನನ್ನ ಹಿಂದೆ ಬರೀ ಟೊಳ್ಳು. ಕಳಶದ ತೆಂಗಿನಕಾಯಿಗೆ ದಾರದಿಂದ ಕಟ್ಟಿದರೆ ಮಾತ್ರ ನಾನು ದೇವಿ.

ನನ್ನನ್ನು ಮನೆಗೆ ತಂದವಳು ನಾಗವೇಣಿ. ಅವಳ ಅತ್ತೆ ಪುಟ್ಟಗೌರಮ್ಮ ನಲವತ್ತು ವರ್ಷ ಪೂಜಿಸಿದ್ದ ಅಂಗೈಯಗಲದ ಮುಖವಾಡವನ್ನು ಅಂಗಡಿಗೆ ಕೊಟ್ಟು, ಬದಲಿಗೆ ನನ್ನನ್ನು ಪಡೆದಳು. ಹಳೆಯದನ್ನು ಆ ದಿನವೇ ಕರಗಿಸಿದರು.

"ಅದರ ಮುಖ ಎಷ್ಟು ಶಾಂತವಾಗಿತ್ತು ಕಣೇ," ಎಂದರು ಪುಟ್ಟಗೌರಮ್ಮ.

"ಶಾಂತವಾಗಿದ್ರೆ ಸಾಕಾ ಅತ್ತೆ? ಬಾಗಿಲಿಂದ ನೋಡಿದ್ರೆ ತೆಂಗಿನಕಾಯೇ ಕಾಣ್ತಿತ್ತು, ಲಕ್ಷ್ಮಿ ಕಾಣ್ತಿರಲಿಲ್ಲ."

ಮೊದಲ ಹಬ್ಬದಲ್ಲಿ ನಾಗವೇಣಿಯ ಸಂತೋಷ ಸಂಜೆಯವರೆಗೆ ಬಾಳಿತು. ಸಂಜೆ ಎದುರುಮನೆಯ ಹೇಮಲತಾ ಅರಿಸಿನ ಕುಂಕುಮಕ್ಕೆ ಬಂದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಚೆನ್ನಾಗಿದೆ ಕಣ್ರೀ ವೇಣಿ. ಮೊದಲು ನಮ್ಮನೇಲೂ ಇಷ್ಟು ಚಿಕ್ಕದೇ ಇತ್ತು."

ಅಷ್ಟೇ. ಆ ರಾತ್ರಿ ನಾಗವೇಣಿ ಹೋಳಿಗೆ ಮುಟ್ಟಲಿಲ್ಲ. ಮರುವರ್ಷ ನನಗೆ ಕಿರೀಟ ಬಂತು. ಸಂತೋಷ ಮಧ್ಯಾಹ್ನಕ್ಕೇ ಮುಗಿಯಿತು. ಅದರ ಮುಂದಿನ ವರ್ಷ ಜಡೆ, ಕೈಕಾಲು, ಕಮಲದ ಪೀಠ. ವಸ್ತು ಬೆಳೆದಂತೆಲ್ಲ ಸಂತೋಷ ಕುಗ್ಗುವುದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಹಬ್ಬ ಹತ್ತಿರವಾದರೆ ಅವಳಿಗೆ ತಲೆನೋವು, ಎದೆ ಡವಡವ. ಗಂಡ ಗಿರಿಧರ ಡಾಕ್ಟರ ಬಳಿಗೆ ಕರೆದರೆ, "ಹಬ್ಬ ಮುಗೀಲಿ" ಎನ್ನುತ್ತಿದ್ದಳು.

ಆರನೆಯ ವರ್ಷದ ಹಬ್ಬದ ಬೆಳಿಗ್ಗೆ ಅಲಂಕಾರವೆಲ್ಲ ಮುಗಿದಿತ್ತು. ಹೋಳಿಗೆಯೂ ಆಗಿತ್ತು. ನಾಗವೇಣಿ ಮೊಬೈಲ್ ತೆರೆದಳು. ಹೇಮಲತಾ ಸ್ಟೇಟಸ್ ಹಾಕಿದ್ದಳು: ಆರ್ಕಿಡ್ ಹೂವಿನ ಗೋಡೆ, ಅದರ ಮುಂದೆ ನನ್ನ ಎರಡರಷ್ಟು ದೊಡ್ಡ ಮುಖ.

"ಎಲ್ಲಾ ಬಿಚ್ಚಬೇಕು," ಎಂದಳು ನಾಗವೇಣಿ. "ರೀ, ಹೋಗಿ ಆರ್ಕಿಡ್ ತನ್ನಿ."

"ಪೂಜೆ ಹೊತ್ತಲ್ಲೇನೇ?"

"ಬರಿಗೈಲಿ ಬರಬೇಡಿ."

ಪುಟ್ಟಗೌರಮ್ಮ ಪಕ್ಕದ ಕೋಣೆಯಲ್ಲಿದ್ದರು. ವಿಧವೆಯಾದ್ದರಿಂದ ಆ ದಿನ ಅವರು ನಡುಮನೆಗೆ ಬರುತ್ತಿರಲಿಲ್ಲ. ಸಕ್ಕರೆ ಕಾಯಿಲೆ, ಪ್ರತಿವರ್ಷ ನೈವೇದ್ಯವಾಗುವ ವೇಳೆ ನೋಡಿಕೊಂಡು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ಈ ಸಲವೂ ಹಾಗೆಯೇ ಮಾಡಿದ್ದರು. ನೈವೇದ್ಯಕ್ಕೆ ಮುಂಚೆ ಅಡುಗೆಮನೆಯದೇನನ್ನೂ ಮುಟ್ಟಬಾರದೆಂದು ಸೊಸೆಗೆ ಕಲಿಸಿದವರೂ ಅವರೇ.

"ವೇಣಿ, ಸೂಜಿ ಹಾಕ್ಕೊಂಡು ಆಗ್ಲೇ ಹೊತ್ತಾಯ್ತು ಕಣೇ. ಕೈ ನಡುಗ್ತಿದೆ."

"ಐದೇ ನಿಮಿಷ ಅತ್ತೆ."

"ಒಂದು ಬಾಳೆಹಣ್ಣಾದ್ರೂ ಕೊಡೇ."

ನನ್ನ ಮುಂದೆ ತಟ್ಟೆಯಲ್ಲಿ ಎರಡು ಚಿಪ್ಪು ಬಾಳೆಹಣ್ಣಿತ್ತು. ನಾಗವೇಣಿ ಅತ್ತ ನೋಡಿದಳು. ಅವಳ ಕೈ ಒಂದು ಕ್ಷಣ ತಟ್ಟೆಯ ಕಡೆ ಹೋಯಿತು.

"ಒಂದು ಕಿತ್ರೆ ಫೋಟೋದಲ್ಲಿ ಬೊಚ್ಚುಬಾಯಿ ಥರ ಕಾಣತ್ತೆ ಅತ್ತೆ. ಸ್ವಲ್ಪ ತಡ್ಕೊಳ್ಳಿ."

ಮುದುಕಿ ನಕ್ಕರು. "ನನ್ನ ಬಾಯೂ ಬೊಚ್ಚೇ ಅಲ್ವೇನೇ." ಆಮೇಲೆ ಅವರ ಮಾತು ತೊದಲಿತು. ಆಮೇಲೆ ಮಾತಿಲ್ಲ. ಸದ್ಯ ಸುಮ್ಮನಾದರಲ್ಲ ಎಂದು ನಾಗವೇಣಿಗೆ ನಿರಾಳವಾಯಿತು.

ಗಿರಿಧರ ಆರ್ಕಿಡ್ ತಂದ. ಗೋಡೆ ತುಂಬಿತು. ಮೊದಲು ಫೋಟೋ, ಆಮೇಲೆ ಪೂಜೆ. ಮೊದಲ ಫೋಟೋದ ಅಂಚಿನಲ್ಲಿ, ಕೋಣೆಯ ಹೊಸಿಲಿನ ಮೇಲೆ, ಒಂದು ಕೈ ಬಿದ್ದಿತ್ತು. ನಾಗವೇಣಿ ಅದನ್ನು ಕಂಡಳು. ಅತ್ತೆ ಒರಗಿಕೊಂಡಿದ್ದಾರೆ ಎಂದುಕೊಂಡು, ಅಷ್ಟು ಭಾಗವನ್ನು ಕತ್ತರಿಸಿ ಸ್ಟೇಟಸ್‌ಗೆ ಹಾಕಿದಳು. ಹೇಮಲತಾಳಿಂದ ಮೂರು ಹೃದಯದ ಚಿತ್ರಗಳು ಬಂದವು. ನಾಗವೇಣಿ ನಕ್ಕಳು. ಅವಳ ಸಂತೋಷ ಆ ಸಲ ಗಿರಿಧರ "ಅಮ್ಮಾ" ಎಂದು ಕೂಗುವವರೆಗೆ ಬಾಳಿತು.

ಸಂಜೆ ಬಂದವರು ಕುಂಕುಮ ತೆಗೆದುಕೊಳ್ಳಲಿಲ್ಲ, ಮಣ್ಣಿಗೆ ಬಂದಿದ್ದರು. "ಪುಣ್ಯವಂತೆ. ಶ್ರಾವಣ ಶುಕ್ರವಾರ, ಲಕ್ಷ್ಮಿ ಎದುರಿಗೇ ಹೋದರು," ಎಂದಳು ಹೇಮಲತಾ. ಎಲ್ಲರೂ ಹೌದೆಂದರು. ಆ ಮಾತಿನ ಆಸರೆಯಲ್ಲೇ ನಾಗವೇಣಿ ಇಂದಿಗೂ ಬದುಕಿದ್ದಾಳೆ, ನಿದ್ದೆ ಮಾತ್ರೆಯ ಜೊತೆ.

ವರ್ಷದ ಸೂತಕ ಕಳೆದ ಮೇಲೆ ಅವಳು ನನಗಿಂತ ದೊಡ್ಡ ಮುಖವಾಡ ತಂದಳು. ನನ್ನನ್ನು ಅಂಗಡಿಗೆ ಒಯ್ಯಲು ಕೈಯಲ್ಲಿ ಹಿಡಿಯಬೇಕು, ಅದು ಅವಳಿಂದಾಗದು. ಅದಕ್ಕೇ ಬೀರುವಿನ ತಳದಲ್ಲಿದ್ದೇನೆ. ಗಾಳಿಯ ಗಂಧಕ ತಗುಲಿ ಕೆನ್ನೆ, ತುಟಿ ಎಲ್ಲ ಕಪ್ಪಾಗಿವೆ. ನಗೆ ಹಾಗೆಯೇ ಇದೆ. ದೊಡ್ಡದನ್ನು ತಂದ ದಿನ ಅವಳು ಅದರ ಎದುರು ಕೂತು ಅತ್ತದ್ದು ಬೀರುವಿನೊಳಗೂ ಕೇಳಿಸಿತು. ಯಾಕೆಂದು ಗಿರಿಧರ ಕೇಳಲಿಲ್ಲ.

ಅವನಿಗೆ ಕಾರಣ ಗೊತ್ತಿತ್ತು. ಆ ದಿನ ತಾಯಿಯ ಬೆರಳು ಚುಚ್ಚಿ ಶುಗರ್ ನೋಡಿದವನು ಅವನೇ. ಎಪ್ಪತ್ತಕ್ಕಿಂತ ಕೆಳಗಿಳಿದರೆ ಕೂಡಲೇ ಸಿಹಿ ಕೊಡಿ ಎಂದು ಡಾಕ್ಟರು ಹೇಳಿದ್ದರು. ಮೀಟರಿನ ಪರದೆ ನನ್ನ ಕಡೆಗೇ ತಿರುಗಿತ್ತು. ಇಪ್ಪತ್ತಾರು.